ಹೆಸರು ಕೆಂಪಾಗುವ ಷರತ್ತು

ಒಂದು ಹೆಸರನ್ನು ಕೆಂಪಗೆ ಮಾಡುವುದಕ್ಕೆ ಕಂಪ್ಯೂಟರಿನಲ್ಲಿ ನಾಲ್ಕೈದು ಸಾಲು ಬರೆದರೆ ಸಾಕು. ಹೀಗಿದ್ದರೆ ಕೆಂಪು ಮಾಡು, ಇಲ್ಲದಿದ್ದರೆ ಕಪ್ಪಾಗಿರಲಿ, ಮುಗಿಯಿತು. ಆ ನಾಲ್ಕೈದು ಸಾಲನ್ನು ನಾನು ಇಪ್ಪತ್ತೆರಡನೇ ವಯಸ್ಸಿನಲ್ಲಿ ಬರೆದೆ. ಬರೆದು ಮುಗಿಸಿದ ದಿನ ಆಫೀಸಿನಲ್ಲಿ ಎಲ್ಲರಿಗೂ ಕಾಫಿ ಬಂತು. ಸಾಹೇಬರು ನನ್ನ ಕುರ್ಚಿಯ ಹಿಂದೆ ನಿಂತು ಭೇಷ್ ಎಂದರು. ಆಮೇಲೆ ಎಷ್ಟೋ ಕಡೆ ಕೆಲಸ ಮಾಡಿದ್ದೇನೆ, ಅದಕ್ಕಿಂತ ಹತ್ತುಪಟ್ಟು ಕಷ್ಟದ್ದನ್ನು ಬರೆದಿದ್ದೇನೆ. ಅವೆಲ್ಲ ಒಂದಲ್ಲ ಒಂದು ಕಡೆ ಕೈಕೊಟ್ಟವು. ಇದೊಂದು ಮಾತ್ರ ಹೇಳಿದ್ದನ್ನು ಹೇಳಿದ ಹಾಗೆ ಮಾಡಿತು. ಅದೇ ನನ್ನ ಹೊಟ್ಟೆಯುರಿ.

ನಮ್ಮೂರು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ, ರಾವಂದೂರಿನಿಂದ ಒಳಗೆ. ಮೇಲಿನ ಹೊಲಗಳಲ್ಲಿ ಹೊಗೆಸೊಪ್ಪು, ಇಳಿಜಾರಿನಲ್ಲಿ ನಾಲೆ, ನಾಲೆಯ ಕೆಳಗೆ ಭತ್ತದ ಗದ್ದೆ. ಅಪ್ಪ ಆ ನಾಲೆಯ ಒಂದು ತೂಬಿನ ಸೌಡಿ. ಸೌಡಿ ಎಂದರೆ ನೀರು ಕಾಯುವವನು. ದೊಡ್ಡ ನಾಲೆಯಿಂದ ಚಿಕ್ಕ ನಾಲೆಗೆ ನೀರು ಬಿಡುವ ಗೇಟನ್ನು ಏರಿಸುವುದು, ಇಳಿಸುವುದು, ಮೇಲಿನ ಗದ್ದೆಯವರು ಅಡ್ಡ ಇಟ್ಟ ಕಲ್ಲು ಕೀಳುವುದು, ಬೆಳಿಗ್ಗೆ ಎಂಟಕ್ಕೆ ಗೇಜಿನ ಹಲಗೆಯಲ್ಲಿ ನೀರು ಎಷ್ಟು ಅಡಿ ಎಷ್ಟು ಅಂಗುಲ ಇದೆ ಎಂದು ನೋಡಿ ಚೀಟಿಯಲ್ಲಿ ಬರೆಯುವುದು. ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ, ಅಂಕಿ ಬರುತ್ತಿತ್ತು. ನಾಲೆಯ ಹೆಸರನ್ನೂ ಆಫೀಸಿದ್ದ ಊರನ್ನೂ ನಾನು ಹೇಳುವುದಿಲ್ಲ. ಅಲ್ಲಿದ್ದವರಲ್ಲಿ ಅರ್ಧ ಜನ ಪಿಂಚಣಿ ತೆಗೆದುಕೊಂಡು ಮೊಮ್ಮಕ್ಕಳನ್ನು ಆಡಿಸುತ್ತಿದ್ದಾರೆ. ಅವರ ನೆಮ್ಮದಿ ಕೆಡಿಸಿ ನನಗೇನೂ ಆಗಬೇಕಾಗಿಲ್ಲ.

ನಾನು ಪಿಯುಸಿ ಮುಗಿಸಿ ಹುಣಸೂರಿನಲ್ಲಿ ಕಂಪ್ಯೂಟರ್ ಕಲಿತೆ. ಕೆಳಗೆ ಮಂಚ, ಕುರ್ಚಿ ಮಾಡುವ ಅಂಗಡಿ, ಮೇಲೆ ಆರು ಕಂಪ್ಯೂಟರು. ಅಂಗಡಿಯ ಮಾಲೀಕರ ಮಗನೇ ನಮಗೆ ಮೇಷ್ಟ್ರು. ಅವರ ತಂದೆ ಕೆಳಗೆ ಉಜ್ಜುಗೊರಡು ಹಾಕುತ್ತಿದ್ದರೆ ಮರದ ಪುಡಿ ಮೇಲಕ್ಕೆ ಬಂದು ಕೀಬೋರ್ಡಿನ ಸಂದಿಯಲ್ಲಿ ಕೂರುತ್ತಿತ್ತು. ಮೇಷ್ಟ್ರು ಟೈಪಿಂಗ್ ಕಲಿಸಿ ಕೈತೊಳೆದುಕೊಳ್ಳುವವರಲ್ಲ. 'ಟೈಪಿಂಗ್ ಎಲ್ರಿಗೂ ಬರುತ್ತೆ ಸಿಸ್ಟರ್. ಎಕ್ಸೆಲ್‌ನಲ್ಲಿ ಮ್ಯಾಕ್ರೋ ಬರೆಯೋದು ಕಲೀರಿ. ಆಫೀಸರ್‌ಗಳು ಬಾಯಿ ಬಿಟ್ಕೊಂಡು ನೋಡ್ತಾರೆ' ಎನ್ನುತ್ತಿದ್ದರು. ಮ್ಯಾಕ್ರೋ ಎಂದರೆ ನಾವು ಕೈಯಿಂದ ಮಾಡುವ ಕೆಲಸವನ್ನು ಕಂಪ್ಯೂಟರ್ ತಾನೇ ಮಾಡಲಿ ಎಂದು ಬರೆದಿಡುವ ಅಪ್ಪಣೆ. ಆಫೀಸರ್‌ಗಳ ಬಾಯಿಯ ವಿಷಯದಲ್ಲಿ ಅವರು ಹೇಳಿದ್ದು ಅಕ್ಷರಶಃ ನಿಜವಾಯಿತು.

ನಾಲೆ ಆಫೀಸಿಗೆ ಕಂಪ್ಯೂಟರ್ ಬಂದು ಆರು ತಿಂಗಳಾಗಿತ್ತು, ಕವರ್ ತೆಗೆದಿರಲಿಲ್ಲ. ಆಯುಧಪೂಜೆಯಲ್ಲಿ ಅದಕ್ಕೂ ಕುಂಕುಮ ಇಟ್ಟು ಹೂವು ಮುಡಿಸಿದ್ದರಂತೆ. ಸೌಡಿಗಳ ಚೀಟಿಗಳನ್ನು ಮೊಪೆಡ್‌ನಲ್ಲಿ ಸುತ್ತಿ ತರುವ ವರ್ಕ್ ಇನ್‌ಸ್ಪೆಕ್ಟರ್ ಒಬ್ಬರಿದ್ದರು. ಅವರೇ ಅಪ್ಪನಿಗೆ, 'ಮಗ್ಳು ಕಂಪ್ಯೂಟ್ರು ಕಲ್ತವ್ಳಲ್ಲ, ಕಳ್ಸಿ' ಎಂದರು. ನಾನು ಹೋದೆ. ಕಾಂಟ್ರ್ಯಾಕ್ಟ್ ಮೇಲೆ ತೆಗೆದುಕೊಂಡರು. ಚಪ್ಪಲಿ ಹೊರಗೆ ಬಿಟ್ಟು ಕಂಪ್ಯೂಟರ್ ಕೋಣೆಗೆ ಹೋಗಬೇಕು. ಸಾಹೇಬರು ಮಾತ್ರ ಬೂಟು ಹಾಕಿಕೊಂಡೇ ಬರುತ್ತಿದ್ದರು.

ಸಾಹೇಬರು ಅಂದರೆ ನಮ್ಮ ಇಂಜಿನಿಯರು. ಕೆಟ್ಟವರಲ್ಲ. ಆ ವರ್ಷ ಜೀಪಿಗೆ ಡೀಸೆಲ್ ಕೊಡುವುದನ್ನು ಮೇಲಿನವರು ಕಡಿಮೆ ಮಾಡಿದ್ದರು. ನಾಲೆಯ ಮೇಲೆ ಓಡಾಡಿ ಸೌಡಿಗಳನ್ನು ನೋಡುವುದು ನಿಂತುಹೋಗಿತ್ತು. ಒಂದು ದಿನ ನನ್ನನ್ನು ಕರೆದು, 'ಯಾರು ನಾಲೆ ಮೇಲೆ ಹೋಗ್ತಾರೆ, ಯಾರು ಟೀ ಅಂಗಡೀಲಿ ಕೂತು ಚೀಟಿ ಬರೀತಾರೆ ಅನ್ನೋದು ನನಗೆ ಇಲ್ಲೇ ಕೂತು ಗೊತ್ತಾಗ್ಬೇಕು. ಆಗುತ್ತೇನಮ್ಮ?' ಎಂದರು.

'ಆಗುತ್ತೆ ಸಾರ್' ಎಂದೆ. ಆಗುವುದಿಲ್ಲ ಎನ್ನುವ ಮಾತು ಆ ವಯಸ್ಸಿನಲ್ಲಿ ನನ್ನ ಬಾಯಿಗೆ ಬರುತ್ತಲೇ ಇರಲಿಲ್ಲ.

ಇಪ್ಪತ್ತಾರು ತೂಬು, ಇಪ್ಪತ್ತಾರು ಸಾಲು. ಎಡಗಡೆಯ ಮೊದಲ ಕಾಲಮ್ಮಿನಲ್ಲಿ ತೂಬಿನ ನಂಬರು ಮತ್ತು ಸೌಡಿಯ ಹೆಸರು. ಅಲ್ಲಿಂದ ಬಲಕ್ಕೆ ದಿನಕ್ಕೊಂದು ಮನೆ, ಅದರಲ್ಲಿ ಆ ದಿನದ ಗೇಜು. ಮೊದಲು ನಾನು ಅನುಮಾನ ಬಂದ ಅಂಕಿಗಳಿಗೆ ಬಣ್ಣ ಹಾಕಿದೆ. ಹಾಳೆಯ ತುಂಬ ಅಲ್ಲೊಂದು ಇಲ್ಲೊಂದು ಕೆಂಪು. ಸಾಹೇಬರಿಗೆ ಹಿಡಿಸಲಿಲ್ಲ. 'ಇದೇನಮ್ಮ, ಸೀರೆ ಬುಟ್ಟಾ ಇದ್ದ ಹಾಗಿದೆ. ಅಂಕಿ ಯಾರು ನೋಡ್ತಾರೆ? ಹೆಸರು ಕೆಂಪಾಗ್ಬೇಕು. ಎಡಗಡೆ ಒಂದ್ಸಲ ಕಣ್ಣಾಡಿಸಿದ್ರೆ ಕಳ್ಳ ಯಾರು ಅಂತ ಗೊತ್ತಾಗ್ಬೇಕು' ಎಂದರು.

ಸರಿ ಎಂದು ಅಂಕಿಗಳನ್ನೆಲ್ಲ ಕಪ್ಪು ಮಾಡಿದೆ. ಕಂಪ್ಯೂಟರ್ ಒಂದೊಂದು ಸಾಲಿಗೂ ಹೋಗಿ ಅಂಕಿಗಳನ್ನು ನೋಡಿ, ಷರತ್ತು ಹೊಂದಿದರೆ ಎಡಗಡೆಗೆ ಬಂದು ಹೆಸರನ್ನು ಮಾತ್ರ ಕೆಂಪಗೆ, ದಪ್ಪಗೆ ಮಾಡಿ ಮುಂದಿನ ಸಾಲಿಗೆ ಹೋಗಬೇಕು. ಮೊದಲ ಸಲ ಒಂದು ತಪ್ಪು ಮಾಡಿದ್ದೆ. ಚೀಟಿ ತಡವಾಗಿ ಬಂದ ಒಬ್ಬ ಸೌಡಿಯ ಹೆಸರು ಕೆಂಪಾಯಿತು. ಚೀಟಿ ಬಂದು ನಾನು ಅಂಕಿ ತುಂಬಿದ ಮೇಲೂ ಕೆಂಪಾಗಿಯೇ ಉಳಿಯಿತು. ಕೆಂಪು ಮಾಡು ಎಂದು ಬರೆದಿದ್ದೆ, ತಪ್ಪು ಸರಿಹೋದರೆ ಕಪ್ಪಿಗೆ ತಿರುಗಿಸು ಎನ್ನುವ ಸಾಲನ್ನು ಬರೆದೇ ಇರಲಿಲ್ಲ. ಇನ್‌ಸ್ಪೆಕ್ಟರು ನಕ್ಕು, 'ಇದೇನವ್ವ, ಪೊಲೀಸ್ ಸ್ಟೇಷನ್ ರಿಜಿಸ್ಟ್ರು ಆಯ್ತಲ್ಲ. ಒಂದ್ಸಲ ಎಸ್ರು ಸೇರುದ್ರೆ ಮುಗ್ದೋಯ್ತಾ?' ಎಂದರು. ಆ ಸಾಲನ್ನು ಸೇರಿಸಿದೆ.

ಷರತ್ತು ಎರಡು. ಗೇಜು ಬಾರದಿದ್ದರೆ ಕೆಂಪು. ಇದು ಸಾಹೇಬರು ಹೇಳಿದ್ದು. ಐದು ದಿನ ಒಂದೇ ಸಮನೆ ಅದೇ ಅಂಕಿ ಬಂದರೆ ಕೆಂಪು. ಇದು ನನ್ನದು. ಯಾರೂ ಕೇಳಿರಲಿಲ್ಲ. ಹರಿಯುವ ನೀರು ದಿನಾ ಒಂದೇ ಅಂಗುಲದಲ್ಲಿ ಹೇಗೆ ನಿಲ್ಲುತ್ತದೆ? ನಿಂತಿದೆ ಎಂದರೆ ಆ ಮನುಷ್ಯ ನಾಲೆಗೆ ಹೋಗದೆ ನಿನ್ನೆಯದನ್ನೇ ಇಳಿಸುತ್ತಿದ್ದಾನೆ ಎಂದು ಅರ್ಥ. ಇದನ್ನು ಸಾಹೇಬರಿಗೆ ವಿವರಿಸುವಾಗ ನನಗೆ ನಾನೇ ಪತ್ತೇದಾರಳ ಹಾಗೆ ಕಂಡಿದ್ದೆ. ಭೇಷ್ ಬಂದದ್ದು ಇದಕ್ಕೆ.

ಅದೇ ಸಮಯಕ್ಕೆ ದಿನಗೂಲಿ ಸೌಡಿಗಳನ್ನು ಕಾಯಂ ಮಾಡುವ ಮಾತು ಎದ್ದಿತ್ತು. ಯಾರ ಹೆಸರನ್ನು ಮೇಲಕ್ಕೆ ಕಳಿಸಬೇಕು ಎನ್ನುವುದು ಸಾಹೇಬರ ಕೈಯಲ್ಲಿತ್ತು. ಅವರು ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟರು: ಈ ಸಲ ನಾಲೆಯಲ್ಲಿ ನೀರು ನಿಲ್ಲುವಷ್ಟರಲ್ಲಿ ಮೂರು ವಾರ ಕೆಂಪಾದವನ ಹೆಸರು ಹೋಗುವುದಿಲ್ಲ.

ಅಪ್ಪ ನಾನು ತೊಟ್ಟಿಲಲ್ಲಿದ್ದಾಗಿನಿಂದ ದಿನಗೂಲಿ. ಪ್ರತಿ ವರ್ಷ ನೀರು ಬಿಡುವ ಮುಂಚೆ ಈ ಸಲ ಕರೆಯುತ್ತಾರೋ ಇಲ್ಲವೋ, ಕರೆದರೆ ಯಾವ ತೂಬಿಗೆ ಹಾಕುತ್ತಾರೋ ಎಂದು ಅಪ್ಪನಿಗೆ ಊಟ ಸೇರುತ್ತಿರಲಿಲ್ಲ. ಅಪ್ಪನಿಗೆ ಕಾಯಂ ಬೇಕಾಗಿದ್ದದ್ದು ಸಂಬಳಕ್ಕಿಂತ ಹೆಚ್ಚಾಗಿ ಇದಕ್ಕೆ. 'ಕಾಯಮ್ಮಾದ್ರೆ ನನ್ ತೂಬ್ನಿಂದ ಯಾವ್ನೂ ನನ್ನ ಎಬ್ಬುಸ್ನಾರ' ಎನ್ನುತ್ತಿದ್ದ. ನನ್ನ ತೂಬು ಎನ್ನುವಾಗ ಬೇರೆಯವರು ನನ್ನ ಗದ್ದೆ ಎನ್ನುವ ಹಾಗೆ ಕೇಳಿಸುತ್ತಿತ್ತು.

ಮೊದಲ ಶನಿವಾರ ಸಾಹೇಬರು, ಇನ್‌ಸ್ಪೆಕ್ಟರು, ಇಬ್ಬರು ಗುಮಾಸ್ತರು ನನ್ನ ಹಿಂದೆ ನಿಂತಿದ್ದರು. ನಾನು ಬಟನ್ ಒತ್ತಿದೆ. ಪರದೆಯ ಎಡಗಡೆ ಮೇಲಿನಿಂದ ಕೆಳಕ್ಕೆ ಮೂರು ಹೆಸರು ಕೆಂಪಾದವು. ಎರಡು, ಚೀಟಿ ಬಾರದವರದ್ದು. ಮೂರನೆಯದು ಅಪ್ಪನದು. ವಾರ ಪೂರ್ತಿ ಎರಡಡಿ ನಾಲ್ಕಂಗುಲ.

ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ನಾನು ಬರೆದ ಷರತ್ತಿನ ಮೇಲೆ ನನಗೆ ಒಂದು ಕ್ಷಣವೂ ಅನುಮಾನ ಬರಲಿಲ್ಲ. ಅನುಮಾನ ಬಂದದ್ದು ಅಪ್ಪನ ಮೇಲೆ. ಗುಮಾಸ್ತರಲ್ಲಿ ಒಬ್ಬ ಕೆಮ್ಮಿದ. ಸಾಹೇಬರು ಹೊರಗೆ ಹೋದರು. ಸಾಯಂಕಾಲದ ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನು ಅಪ್ಪನಿಗೆ ಏನೇನು ಕೇಳಬೇಕೆಂದು ಜೋಡಿಸಿಕೊಳ್ಳುತ್ತಿದ್ದೆ.

ಅಪ್ಪ ಜಗಲಿಯ ಮೇಲೆ ಕೂತು ಕಾಲಿನ ಕೆಸರು ಒರೆಸಿಕೊಳ್ಳುತ್ತಿದ್ದ. ಆ ಕೆಸರನ್ನು ಕಂಡಾದರೂ ನನಗೆ ಬುದ್ಧಿ ಬರಬೇಕಿತ್ತು.

'ಅಪ್ಪಾ, ನಿಜ ಏಳು. ದಿನಾ ತೂಬ್ತಾವ ಓಯ್ತಿದ್ದೀಯೋ ಇಲ್ವೋ?'

'ಯಾಕವ್ವ ಅಂಗ್ ಕೇಳ್ತಿದ್ದೀಯೆ?'

'ವಾರ್ದಿಂದ ಒಂದೇ ನಂಬರ್ ಬರ್ದಿದ್ದೀಯಲ್ಲ. ನೀರೇನ್ ಗೋಡೆಯಾ, ಒಂದೇ ಸಮ ನಿಂತ್ಕಳಕೆ? ಆಫೀಸ್ನಲ್ಲಿ ಎಲ್ಲಾರ ಮುಂದೆ ನಿನ್ನೆಸ್ರು ಕೆಂಪಾಯ್ತು. ನನ್ ಮಕ ಎಲ್ಲಿಡ್ಲಿ?'

ಅವ್ವ ಒಳಗಿನಿಂದ ಬಂದವಳು, 'ಏನೇ ಅದು, ಎತ್ತಪ್ಪುನ್ನ ಇಂಗಾ ಕೇಳದು?' ಎಂದು ಗದರಿದಳು. ಅಪ್ಪ ಅವಳಿಗೆ ಸುಮ್ಮನಿರು ಎಂದು ಕೈಸನ್ನೆ ಮಾಡಿದ. ಊಟ ಮಾಡಿ ಏಳುವಾಗ, 'ನಾಳೆ ಭಾನ್ವಾರ ಅಲ್ವಾ. ಬೆಳಿಗ್ಗೆ ನಂಜೊತೆ ಬಾ' ಎಂದ. ಅಷ್ಟೇ.

ಬೆಳಕು ಹರಿಯುವ ಹೊತ್ತಿಗೆ ಇಬ್ಬರೂ ನಾಲೆಯ ಏರಿಯ ಮೇಲಿದ್ದೆವು. ಚಿಕ್ಕವಳಿದ್ದಾಗ ಬುತ್ತಿ ತಂದುಕೊಟ್ಟು, ನೀರಿಗೆ ಕಾಲು ಬಿಟ್ಟು ಕೂತು, ಬಯ್ಯಿಸಿಕೊಂಡು ಓಡುತ್ತಿದ್ದ ಜಾಗ. ಅಪ್ಪ ಅಲ್ಲಿ ಏನು ಮಾಡುತ್ತಾನೆ ಎಂದು ನಾನು ಯಾವತ್ತೂ ನೋಡಿರಲಿಲ್ಲ. ನೀರು ಬಿಡುತ್ತಾನೆ ಎಂದುಕೊಂಡಿದ್ದೆ, ಬಸ್ ಡ್ರೈವರ್ ಬಸ್ ಬಿಡುತ್ತಾನೆ ಎನ್ನುವ ಹಾಗೆ.

ದೊಡ್ಡ ನಾಲೆಯಲ್ಲಿ ಅವತ್ತು ನೀರು ಏರುತ್ತಿತ್ತು. ಮೇಲಿನ ಊರಿನವರು ತಮ್ಮ ಪಾಳಿ ಮುಗಿಸಿ ಗೇಟು ಇಳಿಸಿರಬೇಕು. ಅಪ್ಪ ಗೇಟಿನ ಹಿಡಿಕೆಗೆ ಕೈಹಾಕಿ ಕಾಲು ಸುತ್ತು ಇಳಿಸಿದ. ಕೆಳಗಿನ ಗೇಜಿನ ಹಲಗೆಯನ್ನು ನೋಡಿದ. ಹಲಗೆಯ ಬಣ್ಣವೆಲ್ಲ ಹೋಗಿತ್ತು, ಒಂದು ಗೆರೆಗೆ ಮಾತ್ರ ಯಾರೋ ಆಗಾಗ ಬಣ್ಣ ಹಚ್ಚುತ್ತಿದ್ದ ಹಾಗಿತ್ತು. ಎರಡಡಿ ನಾಲ್ಕಂಗುಲದ ಗೆರೆ.

'ಇದ್ಕಿಂತ ಒಂದಂಗ್ಲ ಕಮ್ಮಿ ಆದ್ರೆ ಕೊನೆ ಗದ್ದೆಗೆ ನೀರ್ ಅತ್ತಕಿಲ್ಲ ಕಣವ್ವ' ಎಂದು ಅಪ್ಪ ತೋರಿಸಿದ. 'ಒಂದಂಗ್ಲ ಜಾಸ್ತಿ ಆದ್ರೆ ಅಗಾ, ಆ ತಿರುವ್ನಲ್ಲಿ ಏರಿ ಜಿನುಗ್ತದೆ. ಮೇಲೆ ನೀರ್ ಏರ್ಲಿ ಇಳೀಲಿ, ಇಲ್ಲಿ ಈ ಗೆರೆ ಬುಟ್ಟು ಅಳ್ಳಾಡ್ಬಾರ್ದು. ಅಳ್ಳಾಡ್ದಂಗೆ ನೋಡ್ಕಳದೇ ನನ್ ಕೆಲ್ಸ.'

ನಾನು ಮೂರು ಗಂಟೆ ಕೂತು ನೋಡಿದೆ. ಅಪ್ಪ ಏಳು ಸಲ ಹಿಡಿಕೆ ತಿರುಗಿಸಿದ, ಕಾಲು ಸುತ್ತು, ಅರ್ಧ ಸುತ್ತು. ನಡುವೆ ಒಮ್ಮೆ ಪಂಚೆ ಎತ್ತಿಕಟ್ಟಿಕೊಂಡು ನೀರಿಗಿಳಿದು, ಯಾರೋ ಹುಲ್ಲಿನ ಹೊರೆಯಿಂದ ಕಟ್ಟಿದ್ದ ಅಡ್ಡಗಟ್ಟೆಯನ್ನು ಕಿತ್ತುಹಾಕಿ ಬಂದ. ಎಂಟು ಗಂಟೆಗೆ ಜೇಬಿನಿಂದ, ಚೀಟಿ ಹರಿದುಕೊಡುವ ಸಣ್ಣ ನೋಟ್‌ಬುಕ್ ತೆಗೆದು ಎರಡು, ನಾಲ್ಕು ಎಂದು ಬರೆದ. ಆ ನಾಲ್ಕಂಗುಲ ತಾನಾಗಿ ನಿಂತದ್ದಲ್ಲ. ಹತ್ತಾರು ವರ್ಷದಿಂದ ಅಪ್ಪ ಅದನ್ನು ಕೈಯಲ್ಲಿ ಹಿಡಿದು ನಿಲ್ಲಿಸಿಕೊಂಡು ಬಂದಿದ್ದ. ಸೌಡಿಯ ಮಗಳಾಗಿ, ಅವನು ದುಡಿದು ಹಾಕಿದ ಅನ್ನ ತಿಂದು, ನನಗೆ ಇಷ್ಟು ತಿಳಿದಿರಲಿಲ್ಲ. ತಪ್ಪಾಯಿತು ಅಪ್ಪಾ ಎನ್ನಬೇಕಿತ್ತು, ಅನ್ನಲಿಲ್ಲ. 'ಸೋಮ್ವಾರ ಸರಿ ಮಾಡ್ತೀನಿ' ಎಂದೆ.

ಸೋಮವಾರ ಸಾಹೇಬರ ಮುಂದೆ ನಿಂತು ಎಲ್ಲ ಹೇಳಿದೆ. ಒಂದು ಕಾಲಮ್ಮು ಸೇರಿಸಿ, ಪ್ರತಿ ತೂಬಿನಲ್ಲಿ ನೀರು ಎಷ್ಟಿರಬೇಕೆಂದು ಬರೆದಿಟ್ಟರೆ, ಗೇಜು ಅದಕ್ಕೆ ಸರಿಯಾಗಿ ಬಂದಾಗ ಹೆಸರು ಕಪ್ಪಾಗಿಯೇ ಉಳಿಯುವ ಹಾಗೆ ಮಾಡಬಹುದು, ಒಂದು ಗಂಟೆಯ ಕೆಲಸ ಎಂದೆ.

'ಗೊತ್ತಮ್ಮ' ಎಂದರು ಸಾಹೇಬರು. 'ಒಳ್ಳೆ ಸೌಡಿ ಇದ್ದ ಕಡೆ ಗೇಜು ಅಲ್ಲಾಡೋದಿಲ್ಲ. ನಾನೇನು ಇಂಜಿನಿಯರಿಂಗ್ ಓದಿಲ್ವ?'

ಗೊತ್ತಿದ್ದೇ ಭೇಷ್ ಎಂದಿದ್ದರು.

'ಆದ್ರೆ ನೋಡು, ಇಷ್ಟಿರಬೇಕು ಅಂತ ನಾವೇ ಬರೆದಿಟ್ರೆ ನಾಳೆಯಿಂದ ಇಪ್ಪತ್ತಾರು ಜನಾನೂ ಮನೇಲಿ ಕೂತು ಅದನ್ನೇ ಬರೀತಾರೆ. ಆಗ ಒಬ್ಬನ ಹೆಸರೂ ಕೆಂಪಾಗಲ್ಲ. ಕೆಂಪೇ ಆಗ್ದೆ ಇದ್ರೆ ಪಟ್ಟಿ ಯಾಕೆ ಬೇಕು?'

'ಹಾಗಾದ್ರೆ ಹೋಗಿ ನೋಡ್ಬೇಕು ಸಾರ್' ಎಂದುಬಿಟ್ಟೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. 'ಹೋಗಿ ನೋಡೋಕೆ ಜೀಪಿಗೆ ಡೀಸೆಲ್ ಇದ್ದಿದ್ರೆ ನಿನ್ನನ್ನ ಯಾಕಮ್ಮ ಕರೀತಿದ್ದೆ? ಮೇಲಿನ ಸಾಹೇಬ್ರಿಗೆ ತೋರಿಸಿದೀನಿ, ಬೇರೆ ಆಫೀಸಿನೋರಿಗೂ ಇದನ್ನೇ ಮಾಡಿ ಅಂದಿದಾರೆ. ಈಗ ಷರತ್ತು ಬದಲಾಯಿಸಿದ್ರೆ ಯಾರಿಗೋಸ್ಕರ ಅಂತ ಕೇಳ್ತಾರೆ. ಆಪರೇಟರ್ ತಂದೆಗೋಸ್ಕರ ಅನ್ಲಾ? ನಿನ್ನ ಕಾಂಟ್ರ್ಯಾಕ್ಟೂ ಮಾರ್ಚಿಗೆ ಮುಗಿಯುತ್ತೆ ಅಲ್ವಾ?' ಇದನ್ನು ಅವರು ಬೆದರಿಕೆಯ ದನಿಯಲ್ಲಿ ಹೇಳಲಿಲ್ಲ. ಮಗಳಿಗೆ ಬುದ್ಧಿ ಹೇಳುವ ಹಾಗೆ ಹೇಳಿದರು. ಬೈದಿದ್ದರೆ ವಾಸಿಯಾಗಿತ್ತು.

ಹೊರಗೆ ವರಾಂಡದಲ್ಲಿ ಇನ್‌ಸ್ಪೆಕ್ಟರು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಒಳಗಿನ ಮಾತು ಕೇಳಿಸಿಕೊಂಡಿದ್ದರು. 'ಅಲ್ಲ ಕಣವ್ವ, ಉಳ್ದೋರೆಲ್ಲ ಎಂಗ್ ಬರೀತಾವ್ರೆ ಅಂತ ಒಸಿ ನೋಡು. ಒಂದಿನ ಮೂರು, ಒಂದಿನ ಐದು, ಮತ್ತೆ ನಾಕು. ನಿನ್ ಷರತ್ತು ಏನು ಅಂತ ಮೂರೇ ದಿನುಕ್ಕೆ ಎಲ್ರಿಗೂ ಗೊತ್ತಾಗೋಗದೆ. ನಿಮ್ಮಪ್ಪಾರ್ಗೊಬ್ರಿಗೇ ಏಳ್ಕೊಡೋರು ಇರ್ನಿಲ್ಲ' ಎಂದರು.

ಹೋಗಿ ಪಟ್ಟಿಯನ್ನು ಮತ್ತೆ ತೆರೆದೆ. ಈಗ ಕಣ್ಣಿಗೆ ಬಿತ್ತು. ಒಂದು ತೂಬಿನ ಗೇಟು ತುಕ್ಕು ಹಿಡಿದು ವರ್ಷವಾಗಿತ್ತು, ಗೇಜಿನ ಹಲಗೆಯೂ ಕೊಚ್ಚಿಹೋಗಿತ್ತು. ಅದು ದುರಸ್ತಿಯಾಗಬೇಕೆಂದು ಕಾಗದವನ್ನು ನಾನೇ ಟೈಪ್ ಮಾಡಿದ್ದೆ. ಅಲ್ಲಿನ ನೀರು ನನ್ನ ಪಟ್ಟಿಯಲ್ಲಿ ದಿನಕ್ಕೊಂದು ಅಂಗುಲ ಏರಿ ಇಳಿದು ಲಕ್ಷಣವಾಗಿ ಹರಿಯುತ್ತಿತ್ತು. ಸೌಡಿಯ ಹೆಸರು ಕಪ್ಪು. ಟೀ ಅಂಗಡಿಯಲ್ಲಿ ಕೂತು ಕಾಗೆ ಹಾರಿಸಿದವರೆಲ್ಲ ಕಪ್ಪು. ನಾಲೆಯ ಮೇಲೆ ನಿಂತ ಒಬ್ಬ ಮನುಷ್ಯ ಕೆಂಪು.

ಆ ಷರತ್ತನ್ನು ನಾನು ಅಳಿಸಬಹುದಿತ್ತು. ಕೋಡು ಅಲ್ಲಿ ನನಗೊಬ್ಬಳಿಗೇ ಓದಲು ಬರುತ್ತಿದ್ದದ್ದು. ಅಥವಾ ಮೇಲಿನ ಸಾಹೇಬರಿಗೆ ಬರೆದು, ಈ ಲೆಕ್ಕ ತಪ್ಪು, ತಪ್ಪು ನನ್ನದೇ ಎನ್ನಬಹುದಿತ್ತು. ಎರಡನ್ನೂ ಮಾಡಲಿಲ್ಲ. ಕೆಲಸ ಹೋಗುತ್ತದೆ ಎಂಬ ಹೆದರಿಕೆ ಒಂದು. ಅದಕ್ಕಿಂತ ಹೆಚ್ಚಾಗಿ, ಬೇರೆ ಆಫೀಸಿನವರೂ ಮಾಡಬೇಕೆಂದು ಮೇಲಿನವರು ಹೇಳಿದ ವಸ್ತುವನ್ನು ತಪ್ಪು ಎನ್ನಲು ನನಗೆ ಮನಸ್ಸು ಬರಲಿಲ್ಲ. ನನ್ನ ಬುದ್ಧಿವಂತಿಕೆಯನ್ನು ಉಳಿಸಿಕೊಳ್ಳುವ ಇನ್ನೊಂದು ದಾರಿ ಹೊಳೆಯಿತು. ಸಾಯಂಕಾಲ ಮನೆಗೆ ಬಂದು ಅಪ್ಪನ ಪಕ್ಕ ಕೂತೆ.

'ಅಪ್ಪಾ, ನೀನು ನೀರು ನಿಲ್ಸೋ ಕಡೇನೇ ನಿಲ್ಸು. ಚೀಟೀಲಿ ಮಾತ್ರ ಒಂದಂಗ್ಲ ಅತ್ಲಾಗಿತ್ಲಾಗೆ ಬರ್ದ್ಬುಡು.'

'ಸುಳ್ ಬರೀ ಅಂತೀಯಾ?'

'ಸುಳ್ಳಲ್ಲ ಕಣಪ್ಪ, ಒಂದಂಗ್ಲ. ಕಾಯಮ್ ಆಗೋಗಂಟ.'

ಅಪ್ಪ ನನ್ನ ಮುಖವನ್ನೇ ನೋಡಿದ. ಗೇಟಿನ ಹಿಡಿಕೆ ತಿರುಗಿಸಿ ತಿರುಗಿಸಿ ಅವನ ಅಂಗೈ ಕಾಯಿಕಟ್ಟಿತ್ತು, ಅದನ್ನು ಉಜ್ಜಿಕೊಳ್ಳುತ್ತಿದ್ದ. ಅವ್ವ ಬಾಗಿಲಲ್ಲಿ ನಿಂತು, 'ಓದಿರೋ ಮಗ್ಳು ಏಳ್ತಾವ್ಳೆ, ಅಂಗೇ ಬರ್ಕೊಟ್ಬುಡಿ ಅತ್ಲಾಗೆ' ಎಂದಳು. ಆಮೇಲೆ ಅಪ್ಪ ನೋಟ್‌ಬುಕ್ ತೆಗೆದು ಕೇಳಿದ.

'ನಾಳೀಕೆ ಎಷ್ಟ್ ಬರೀಲಿ?'

'ಐದು' ಎಂದೆ.

ಅಪ್ಪ ಎರಡು, ಐದು ಎಂದು ಬರೆದುಕೊಂಡ.

ಆ ಶನಿವಾರ ಬಟನ್ ಒತ್ತಿದಾಗ ಅಪ್ಪನ ಹೆಸರು ಕಪ್ಪಾಯಿತು. ಸಾಹೇಬರು ನನ್ನ ಕಡೆ ನೋಡಿ ತಲೆಯಾಡಿಸಿದರು. ಅವರಿಗೂ ಗೊತ್ತು, ನನಗೂ ಗೊತ್ತು. ನಮ್ಮಿಬ್ಬರ ನಡುವೆ ಅದು ಇತ್ಯರ್ಥವಾದ ವಿಷಯದ ಹಾಗೆ ಮುಚ್ಚಿಹೋಯಿತು.

ಒಂದೆರಡು ವಾರ ಅಪ್ಪ ದಿನಾ ಸಾಯಂಕಾಲ ಕೇಳುತ್ತಿದ್ದ, ನಾಳೆ ಎಷ್ಟು ಎಂದು. ನಾನು ಮೂರು ಎನ್ನುತ್ತಿದ್ದೆ, ಐದು ಎನ್ನುತ್ತಿದ್ದೆ. ಆಮೇಲೆ ಕೇಳುವುದನ್ನು ಬಿಟ್ಟ. ಕಲಿತುಕೊಂಡ ಎಂದು ನನಗೆ ಹಾಯೆನಿಸಿತು. ಬೆಳಕು ಹರಿಯುವ ಮುಂಚೆ ಹೋಗುತ್ತಿದ್ದವನು ಆರಕ್ಕೆ ಹೊರಟ, ಮತ್ತೆ ಏಳಕ್ಕೆ. ಹೊಗೆಸೊಪ್ಪನ್ನು ಬ್ಯಾರನ್ ಎಂಬ ಗೂಡಿನಲ್ಲಿ ಬೇಯಿಸುವ ಕಾಲ ಅದು. ಮಧ್ಯಾಹ್ನದ ಹೊತ್ತು ಯಾರದ್ದೋ ಬ್ಯಾರನ್ನಿನ ಮುಂದೆ ಮಾತಾಡುತ್ತ ಕೂತಿರುತ್ತಾನೆ ಎಂದು ಅವ್ವ ಒಮ್ಮೆ ಹೇಳಿದಳು. ವಯಸ್ಸಾಯಿತಲ್ಲ, ಕೂರಲಿ ಬಿಡು ಎಂದೆ. ತಿಳಿಯದೆ ಅಂದದ್ದಲ್ಲ. ತಿಳಿದುಕೊಳ್ಳುವುದು ನನಗೆ ಬೇಡವಾಗಿತ್ತು.

ತೆನೆ ಕಟ್ಟುವ ಸಮಯಕ್ಕೆ ಕೊನೆಯ ಗದ್ದೆಗಳವರು ಹತ್ತು ಹನ್ನೆರಡು ಜನ ಆಫೀಸಿಗೆ ಬಂದರು. ಹದಿನೈದು ದಿನದಿಂದ ಕಾಲುವೆಯಲ್ಲಿ ನೀರಿಲ್ಲ, ಪೈರು ಸೊರಗುತ್ತಿದೆ ಎಂದರು. ಸಾಹೇಬರು ಅವರನ್ನು ಕಂಪ್ಯೂಟರ್ ಕೋಣೆಗೇ ಕರೆತಂದರು. ಪಾಪ, ಎಲ್ಲರೂ ಚಪ್ಪಲಿ ಬಿಟ್ಟು ಒಳಗೆ ಬಂದು ಗೋಡೆಗೆ ಒತ್ತಿಕೊಂಡು ನಿಂತರು. ನಾನು ಪಟ್ಟಿ ತೆರೆದೆ.

'ನೋಡ್ರಪ್ಪ, ನಿಮ್ಮ ತೂಬು. ನಿನ್ನೆ ಎರಡಡಿ ಐದು, ಮೊನ್ನೆ ಎರಡಡಿ ಮೂರು. ತೊಂದ್ರೆ ಇದ್ದಿದ್ರೆ ಈ ಹೆಸರು ಕೆಂಪಾಗ್ತಿತ್ತು. ಕೆಂಪಾಗಿದೆಯಾ?' ಎಂದು ಸಾಹೇಬರು ಕೇಳಿದರು.

ಇಲ್ಲ ಎಂದು ಒಬ್ಬಿಬ್ಬರು ತಲೆಯಾಡಿಸಿದರು. ಪರದೆಯ ಮೇಲೆ ನೀರಿತ್ತಲ್ಲ, ಏನು ಹೇಳಿಯಾರು? ಹೊರಡುವಾಗ ಅವರಲ್ಲಿ ಒಬ್ಬ ಅಜ್ಜ ನನ್ನ ಮೇಜಿನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದ. 'ನೀನು ಸೌಡಪ್ಪಾರ ಮಗ್ಳಲ್ವಾ ಕೂಸೇ? ನಿಮ್ಮಪ್ಪಾರು ಉಸಾರಾಗವ್ರಾ? ಮಲೀಕಂಡವ್ರೇನೋ ಅನ್ಕಂಡೋ. ಅವ್ರು ಏರಿ ಮೇಲಿದ್ರೆ ಇಂಗಾಗ್ನಾರ್ದು.'

'ಉಸಾರಾಗವ್ರೆ ತಾತ' ಎಂದೆ.

ನನಗೆ ಅವನ ಕಣ್ಣು ನೋಡಲು ಆಗಲಿಲ್ಲ. ಅವನ ಗದ್ದೆಯ ಭತ್ತ ಆ ವರ್ಷ ಜೊಳ್ಳಾಯಿತು ಎಂದು ಆಮೇಲೆ ಕೇಳಿದೆ.

ನಾಲೆಯ ನೀರು ನಿಲ್ಲಲು ಇನ್ನು ಎರಡು ವಾರವಿದೆ ಎನ್ನುವಾಗ ಸಾಹೇಬರು ಮೇಲಕ್ಕೆ ಕಳಿಸುವ ಹೆಸರುಗಳನ್ನು ನನ್ನಿಂದಲೇ ಟೈಪ್ ಮಾಡಿಸಿದರು. ಅಪ್ಪನ ಹೆಸರು ಮೂರನೆಯದು. 'ಸಂತೋಷ ತಾನೇ?' ಎಂದರು. ಸಂತೋಷವೇ. ಬರುವಾಗ ಪೇಟೆಯಲ್ಲಿ ಅರ್ಧ ಕಿಲೋ ಮೈಸೂರುಪಾಕು ಕಟ್ಟಿಸಿಕೊಂಡು ಬಂದೆ. ಇನ್‌ಸ್ಪೆಕ್ಟರು ಯಾವುದೋ ಮದುವೆಗೆ ಕೆ.ಆರ್. ನಗರಕ್ಕೆ ಹೋಗಿದ್ದರಿಂದ ಸೋಮವಾರ ಆಫೀಸಿಗೆ ಕೊಡಬೇಕಾದ ಚೀಟಿಗಳನ್ನು ಅಪ್ಪನಿಂದ ನಾನೇ ತೆಗೆದುಕೊಂಡು ಹೋಗಬೇಕಿತ್ತು.

ಮರುದಿನ ಭಾನುವಾರ, ಬೆಳಿಗ್ಗೆ ಎಂಟೂವರೆ. ಅಪ್ಪ ಜಗಲಿಯಲ್ಲಿ ಬೀಡಿ ಸೇದುತ್ತ ಕೂತಿದ್ದ. ಕಾಲು ಒಣಗಿತ್ತು. ಹಿಂದಿನ ದಿನ ಹೇಳಿದ ಸಂತೋಷದ ಸುದ್ದಿಗೂ ಅಪ್ಪ ಹೂಂ ಎಂದಿದ್ದನೇ ಹೊರತು ಹೆಚ್ಚು ಮಾತಾಡಿರಲಿಲ್ಲ. ಸಿಹಿಯ ಪೊಟ್ಟಣ ಬಿಚ್ಚದೆ ಗೂಡಿನಲ್ಲೇ ಇತ್ತು. ನಾನು ಚೀಟಿ ಕೇಳಿದೆ. ಅಂಗಿಯ ಜೇಬಿನಲ್ಲಿದೆ, ತಗೋ ಎಂದ. ಗೂಟದಲ್ಲಿ ನೇತುಹಾಕಿದ್ದ ಅಂಗಿಯಿಂದ ನೋಟ್‌ಬುಕ್ ತೆಗೆದೆ. ಅಪ್ಪನ ಅಂಕಿಗಳು ಒಂದರ ಕೆಳಗೊಂದು ನೆಟ್ಟಗೆ ಕೂತಿದ್ದವು. ಶುಕ್ರವಾರ ಮೂರು. ಶನಿವಾರ ನಾಲ್ಕು. ಇವತ್ತು ಐದು. ಅಷ್ಟಕ್ಕೇ ನಿಂತಿರಲಿಲ್ಲ. ಸೋಮವಾರದ್ದಿತ್ತು, ಮಂಗಳವಾರದ್ದಿತ್ತು, ಬರುವ ಶುಕ್ರವಾರದವರೆಗೂ ಇತ್ತು. ಒಂದು ಅಂಕಿಯೂ ಎರಡು ದಿನ ಒಟ್ಟಿಗೆ ಬಂದಿರಲಿಲ್ಲ. ಇಪ್ಪತ್ತಾರು ಸೌಡಿಗಳಲ್ಲಿ ನನ್ನ ಷರತ್ತನ್ನು ಅಷ್ಟು ಅಚ್ಚುಕಟ್ಟಾಗಿ ಪಾಲಿಸಿದವರು ಇನ್ನೊಬ್ಬರಿಲ್ಲ.

'ಅಪ್ಪಾ, ಇನ್ನೂ ಬಾರ್ದೇ ಇರೋ ದಿನುದ್ದೂ ಬರ್ದ್ಬುಟ್ಟಿದ್ದೀಯಲ್ಲ?'

'ಊಂ ಕಣ್ ಮಗಾ. ನಿಂಗೂ ಸಲೀಸಾಗ್ಲಿ ಅಂತ. ದಿನಾ ಯಾಕ್ ಒಂದೊಂದೇ ಕುಟ್ಕಂಡ್ ಕೂತ್ಕತೀಯೆ? ಎಲ್ಲಾನೂ ಒಂದೇ ಸಲುಕ್ಕೆ ಒತ್ತಾಕ್ಬುಡು.'

ದನಿಯಲ್ಲಿ ಕೊಂಕು ಇದೆಯೇ ಎಂದು ಹುಡುಕಿದೆ. ಇರಲಿ ಎಂದು ಹಾರೈಸಿದೆ. ಕೊಂಕು ಇದ್ದಿದ್ದರೆ ಅಪ್ಪ ಒಳಗೆ ಇನ್ನೂ ಇದ್ದಾನೆ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಇರಲಿಲ್ಲ. ಮಗಳ ಕೆಲಸ ಹಗುರವಾಗಲಿ ಎಂದು ನಿಜವಾಗಿಯೂ ಬರೆದಿಟ್ಟಿದ್ದ.

ಸೋಮವಾರ ಆಫೀಸಿಗೆ ಹೋಗಿ ಚಪ್ಪಲಿ ಬಿಟ್ಟು ಒಳಗೆ ಕೂತೆ. ಅಪ್ಪನ ಸಾಲಿನಲ್ಲಿ ಭಾನುವಾರದಿಂದ ಶುಕ್ರವಾರದವರೆಗಿನ ಆರೂ ದಿನದ ಅಂಕಿಗಳನ್ನು ಒಟ್ಟಿಗೆ ತುಂಬಿದೆ. ಶುಕ್ರವಾರಕ್ಕೆ ಇನ್ನೂ ನಾಲ್ಕು ದಿನವಿತ್ತು. ಅವತ್ತು ಅಪ್ಪನ ತೂಬಿನಲ್ಲಿ ನೀರು ಎರಡಡಿ ಮೂರಂಗುಲ ಇರುತ್ತದೆ ಎಂದು ಟೈಪ್ ಮಾಡಿ ಸೇವ್ ಮಾಡಿದೆ.